ಒಯ್ದ ಹಾಡು ತಿರುಗಿ ಬರಬೇಕು

ನಮ್ಮ ವಾಚನಾಲಯದ ಹುಡುಗರು ಈ ಪುಸ್ತಕಕ್ಕೆ ಒಂದು ಲೇಖನ ಕೊಡ್ರಿ ಅಂದಾಗ ನಾನು ಹಾಡು ಬರೆದುಕೊಡ್ತೀನಿ ಅಂದೆ. "ಹಾಡು ಬ್ಯಾಡ ಮಾವಾ, ವಿಮರ್ಶೆ ಬರೀರಿ" ಅಂದರು. ಏಳನೇತ್ತೆ ಓದಿದವನಿಗೆ ಎಲ್ಲಿಯ ವಿಮರ್ಶೆ ಅಂತ ಸಾಲಿ ಮಾಸ್ತರರ ಹತ್ತಿರ ಹೋದೆ. ಅವರು ಹೇಳಿದ್ದು ಇಷ್ಟೇ: ರಾಶಿ ತೂರಿದಂಗ, ಕಾಳು ಯಾವುದು, ಹೊಟ್ಟು ಯಾವುದು ಅಂತ ಬ್ಯಾರೆ ಮಾಡೂದು. ಅದು ನನಗೆ ಬರ್ತದ. ಹಂಗಾಗಿ ಬರೆಯಲಿಕ್ಕೆ ಕುಂತೀನಿ.

ನಾನು ತೂರಲಿಕ್ಕೆ ತಗೊಂಡ ರಾಶಿ ಯಾವುದಂದರೆ, ನಮ್ಮ ದೇಶದ ವಿಶ್ವವಿದ್ಯಾಲಯಗಳು ಹೊರದೇಶದ ವಿಶ್ವವಿದ್ಯಾಲಯಗಳ ಜೊತೆ ಕೂಡಿ ಮಾಡುವ ಕೆಲಸ. ಮದ್ದೂರಿನ ಒಕ್ಕಲಿಗನಿಗೆ ಅದರ ಉಸಾಬರಿ ಯಾಕೆ ಅಂತ ಕೇಳಬಹುದು. ಆ ಕೆಲಸ ನಮ್ಮ ಹೊಲಕ್ಕೂ ಬಂದದ, ನಮ್ಮಂಥವರ ಹಾಡಿಗೂ ಬಂದದ. ಹೊಲಕ್ಕೆ ಬಂದದ್ದು ಒಂದು ರೀತಿ, ಹಾಡಿಗೆ ಬಂದದ್ದು ಇನ್ನೊಂದು ರೀತಿ. ಆ ವ್ಯತ್ಯಾಸ ಹೇಳಬೇಕು ಅಂತಲೇ ಈ ಬರಹ. ಇನ್ನು ಮುಂದೆ ಇಂಥ ಕೂಡುಕೆಲಸ ಹೆಚ್ಚಾಗೂದೇ ಅದ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದಕ್ಕೆ ದಾರಿ ತೆರೆಯಿತು. 2023ರಲ್ಲಿ ಯುಜಿಸಿಯವರು ಹೊರದೇಶದ ವಿಶ್ವವಿದ್ಯಾಲಯಗಳು ನಮ್ಮ ನೆಲದಲ್ಲೇ ಕಾಲೇಜು ತೆರೆಯಬಹುದು ಅಂತ ನಿಯಮ ಮಾಡಿದರು. ಇಂಥ ಹೊತ್ತಿನಲ್ಲಿ ಹಿಂದಿನ ಲೆಕ್ಕ ಒಮ್ಮೆ ನೋಡೂದು ಒಳ್ಳೇದು.

ಮೊದಲು ಹೊಲದ ಮಾತು. 1964ರಲ್ಲಿ ಹೈದರಾಬಾದಿನ ರಾಜೇಂದ್ರನಗರದಲ್ಲಿ ಆಂಧ್ರಪ್ರದೇಶ ಕೃಷಿ ವಿಶ್ವವಿದ್ಯಾಲಯ ಶುರುವಾಯಿತು. ಅದೇ ವರ್ಷ ಬೆಂಗಳೂರಿನ ಹೆಬ್ಬಾಳದಲ್ಲೂ ಕೃಷಿ ವಿಶ್ವವಿದ್ಯಾಲಯ ಶುರುವಾಯಿತು. ರಾಜೇಂದ್ರನಗರಕ್ಕೆ ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಶ್ವವಿದ್ಯಾಲಯ ಜೊತೆಗಾರ, ಬೆಂಗಳೂರಿಗೆ ಟೆನೆಸೀ ವಿಶ್ವವಿದ್ಯಾಲಯ ಜೊತೆಗಾರ. ರೊಕ್ಕ ಅಮೆರಿಕ ಸರ್ಕಾರದ ನೆರವಿನದು. ಅಲ್ಲಿಯ ಪ್ರೊಫೆಸರರು ಇಲ್ಲಿಗೆ ಬಂದರು, ಇಲ್ಲಿಯ ಮಾಸ್ತರರು ಅಲ್ಲಿಗೆ ಹೋಗಿ ಓದಿ ಬಂದರು. ಅಲ್ಲಿಂದ ಅವರು ತಂದ ವಿಚಾರದಲ್ಲಿ ಮೂರು ಕೆಲಸ ಇದ್ದವು: ಕಲಿಸೂದು, ಸಂಶೋಧನೆ ಮಾಡೂದು, ಆಮೇಲೆ ಕಂಡುಕೊಂಡದ್ದನ್ನು ಹೊಲದ ಬದುವಿಗೆ ತಂದು ಹೇಳೂದು. ಈ ಮೂರನೆಯದಕ್ಕೆ ವಿಸ್ತರಣೆ ಅಂತ ಹೆಸರು. ಅದನ್ನು ಮಾಡದಿದ್ದರೆ ಕೃಷಿ ವಿಶ್ವವಿದ್ಯಾಲಯ ಅನ್ನಿಸಿಕೊಳ್ಳೂದಿಲ್ಲ.

1972ರಲ್ಲಿ ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಬಂತು. ಅದು ವಿಶ್ವವಿದ್ಯಾಲಯ ಅಲ್ಲ, ಹಲವು ದೇಶಗಳು ಕೂಡಿ ನಡೆಸುವ ಸಂಶೋಧನಾ ಸಂಸ್ಥೆ. ಅದರ ಬೆಳೆಗಳು ನಮ್ಮವೇ: ಜ್ವಾಳ, ಸಜ್ಜಿ, ತೊಗರಿ, ಕಡ್ಲಿ, ಸೇಂಗಾ. ಒಣ ಬೇಸಾಯದವರ ಬೆಳೆಗಳು. ಅವರು ಊರೂರಿನ ಬೀಜ ಒಯ್ದು ತಣ್ಣಗಿನ ಕೋಣೆಯಲ್ಲಿ ಇಟ್ಟಾರ. ಇವತ್ತು ಅಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಗೆಯ ಬೀಜ ಅವ. ಮಹಾರಾಷ್ಟ್ರದ ಒಕ್ಕಲಿಗರ ಒಂದು ನಾಟಿ ತೊಗರಿ ಹಂಗೇ ಅಲ್ಲಿಗೆ ಹೋಯಿತು. ಅದರೊಳಗಿಂದ ಆರಿಸಿದ ತಳಿಯೇ ಮಾರುತಿ. ನೆಟೆ ರೋಗ ತಡೀತದ ಅಂತ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆ ಮಾಡಿದರು. ಕಲಬುರ್ಗಿ ಸೀಮೆಯ ಒಕ್ಕಲಿಗರು ನಿಂತ ತೊಗರಿ ನಿಂತಲ್ಲೇ ಒಣಗೂದನ್ನು ನೋಡಿ ಸಾಕಾಗಿದ್ದರು, ಅವರು ಅದನ್ನು ಕೈಬಿಡಲಿಲ್ಲ. ನಾನೂ ಬಿತ್ತೀನಿ.

ನನಗೆ ಅವರ ಮೇಲೆ ಭಾಳ ಪ್ರೀತಿ ಉಕ್ಕಿ ಇದನ್ನು ಹೇಳ್ತಿಲ್ಲ. ಬೀಜ ಮನಿಯ ಗುಮ್ಮಿಯಿಂದ ಅಂಗಡಿಗೆ ಹೋದದ್ದೂ ಅದೇ ಕಾಲದಲ್ಲಿ. ನಮ್ಮಪ್ಪ ಬಿತ್ತುತ್ತಿದ್ದ ಜ್ವಾಳ ಈಗ ನಮ್ಮ ಊರಿನಲ್ಲಿ ಯಾರ ಮನಿಯಾಗೂ ಇಲ್ಲ. ಆದರೆ ಒಂದು ಮಾತು ಒಪ್ಪಬೇಕು. ಬೀಜ ಒಯ್ದವರು ತಿರುಗಿ ಬಂದರು. ಒಯ್ದದ್ದಕ್ಕೆ ಏನಾಯಿತು ಅಂತ ಹೇಳೂದು ಅವರ ನೌಕರಿಯ ಒಂದು ಪಾಲಾಗಿತ್ತು. ಈ ಒಂದು ಅಳತೆ ಇಟ್ಟುಕೊಂಡು ಈಗ ಹಾಡಿನ ಕಡೆ ಬರ್ತೀನಿ.

ಹಾಡಿನಲ್ಲಿ ನಮ್ಮವರು ಹೊರದೇಶದವರ ಜೊತೆ ಮಾಡಿದ ದೊಡ್ಡ ಕೆಲಸ ಅಂದರೆ ತುಳುನಾಡಿನ ಸಿರಿ ಕಾವ್ಯದ್ದು. ಫಿನ್ಲೆಂಡ್ ದೇಶದ ತುರ್ಕು ವಿಶ್ವವಿದ್ಯಾಲಯದ ಲೌರಿ ಹೋಂಕೊ, ಅವರ ಹೆಂಡತಿ ಅನೇಲಿ ಹೋಂಕೊ, ಮಂಗಳೂರು ವಿಶ್ವವಿದ್ಯಾಲಯದ ವಿವೇಕ ರೈ ಮತ್ತು ಚಿನ್ನಪ್ಪ ಗೌಡ, ಈ ನಾಲ್ವರು ಕೂಡಿದರು. ಹಾಡಿದವರು ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕರು. ಅವರು ಬೇಸಾಯದವರು, ಸಿರಿ ಜಾತ್ರೆಯ ಆಚರಣೆಯಲ್ಲಿ ಮುಂದಾಳು. 1990ರ ಡಿಸೆಂಬರಿನಲ್ಲಿ ಹಲವು ದಿನ ಅವರು ಹಾಡಿದರು, ಇವರು ಧ್ವನಿ, ಚಿತ್ರ ಎರಡನ್ನೂ ಹಿಡಿದರು. ಎಣಿಸಿದರೆ 15,683 ಸಾಲು. 1998ರಲ್ಲಿ ಹೆಲ್ಸಿಂಕಿಯಲ್ಲಿ ಕಾವ್ಯದ ಎರಡು ಸಂಪುಟ, ಅದರ ಮೇಲಿನ ವಿಚಾರದ ಒಂದು ಸಂಪುಟ ಅಚ್ಚಾದವು. ನನಗೆ ಇಂಗ್ಲಿಷ್ ಬಾರದು. ಮಾಸ್ತರರು ಕೆಲವು ಸಂಜೆ ಕುಂತು ಇದರ ಸಂಗತಿ ಬಿಡಿಸಿ ಹೇಳಿದರು. ನಾನು ಕೇಳಿದ್ದರ ಮೇಲೆ ಮಾತಾಡ್ತಿದ್ದೀನಿ.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಸಿರಿ ಅಡಿಕೆಯ ಹಿಂಗಾರದ ಪ್ರಸಾದದಿಂದ ಹುಟ್ಟಿದ ಮಗಳು. ಗಂಡ ಕಾಂತು ಪೂಂಜ. ಬಸಿರಾದಾಗ ಕುಬಸಕ್ಕೆ ಗಂಡ ತಂದ ಸೀರಿಯನ್ನು ಅವನು ಇಟ್ಟುಕೊಂಡವಳು ಮೊದಲೇ ಉಟ್ಟು ಬಿಟ್ಟಿರ್ತಾಳ. ಸಿರಿ ಆ ಸೀರಿ ಮುಟ್ಟೂದಿಲ್ಲ. ನಾಲ್ಕು ಮಂದಿಯ ಎದುರಿಗೆ ಮಾತಾಡಿ ಗಂಡನನ್ನು ಬಿಟ್ಟು ಹೊರಡ್ತಾಳ. ಕಥೆ ಅವಳ ಮಗಳು ಸೊನ್ನೆ, ಮೊಮ್ಮಕ್ಕಳು ಅಬ್ಬಗ ದಾರಗರ ತನಕ ನಡೀತದ. ಆ ಅವಳಿ ಅಕ್ಕತಂಗಿಯರು ಚೆನ್ನೆಮಣೆ ಆಡುತ್ತಾ ಜಗಳಾಡಿ ಜೀವ ಕಳೀತಾರ. ಈ ಕಥೆ ತುಳುನಾಡಿನ ಹೆಣ್ಣುಮಕ್ಕಳು ನಾಟಿ ಹಚ್ಚುವಾಗ ಹಾಡೂದು, ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಮೈಮೇಲೆ ತರಿಸಿಕೊಳ್ಳೂದು. ನಮ್ಮ ಕಡೆ ಬೀಸುವ ಕಲ್ಲಿನ ಮುಂದೆ ಕುಂತು ಹಾಡಿದವರಿಗೆ ಇದು ಬ್ಯಾರೆ ದೇಶದ್ದು ಅನ್ನಿಸೂದಿಲ್ಲ.

ಈ ಕೆಲಸದಲ್ಲಿ ಕಾಳು ಎಷ್ಟು? ಬಹಳ ಅದ.

ಒಂದನೆಯದು, ಪುಸ್ತಕದ ಹೆಸರಿನೊಳಗೇ ಗೋಪಾಲ ನಾಯ್ಕರ ಹೆಸರು ಅದ. ಅವರು ಹಾಡಿದಂತೆ ಅಂತಲೇ ಅಚ್ಚು ಹಾಕ್ಯಾರ. ಇದರ ಬೆಲೆ ತಿಳಿಯಬೇಕಾದರೆ ಫಿನ್ಲೆಂಡಿನವರ ಹಳೆಯ ಕಥೆ ತಿಳಿಯಬೇಕು. ಅವರ ದೊಡ್ಡ ಕಾವ್ಯ ಕಲೆವಾಲ. ಎಲಿಯಾಸ್ ಲೋನ್‌ರೋಟ್ ಅನ್ನುವ ಡಾಕ್ಟರು ಊರೂರು ತಿರುಗಿ ಹಾಡು ಬರೆದುಕೊಂಡು, ಅವನ್ನು ತಾನೇ ಜೋಡಿಸಿ 1835ರಲ್ಲಿ ಮೊದಲು, 1849ರಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿದರು. 1834ರಲ್ಲಿ ಅರ್ಹಿಪ್ಪಾ ಪೆರ್ತುನೆನ್ ಅನ್ನುವ ಮುದುಕ ಮೂರೇ ದಿನದಲ್ಲಿ ಅವರಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಸಾಲು ಹಾಡಿದ. ಕಲೆವಾಲ ಅಂದಕೂಡಲೆ ಜಗತ್ತು ಲೋನ್‌ರೋಟ್ ಅಂತದ, ಪೆರ್ತುನೆನ್ ಅನ್ನೂದಿಲ್ಲ. ಅದೇ ದೇಶದಿಂದ ಬಂದ ಪ್ರೊಫೆಸರರು ನೂರೈವತ್ತು ವರ್ಷದ ಮೇಲೆ ತುಳುನಾಡಿನಲ್ಲಿ ಬ್ಯಾರೆ ಬ್ಯಾರೆ ಮಂದಿಯ ಹಾಡು ಕತ್ತರಿಸಿ ಹೊಲಿಯಲಿಲ್ಲ. ಒಬ್ಬನ ಬಾಯಿಂದ ಬಂದದ್ದನ್ನು ಒಬ್ಬನದೇ ಅಂತ ಇಟ್ಟರು. ತಮ್ಮ ಹಿರಿಯರ ಕೊರತೆಯನ್ನು ಅವರು ಇಲ್ಲಿ ತುಂಬಿದಂಗ ನನಗೆ ಕಾಣ್ತದ.

ಎರಡನೆಯದು, ಮೊದಲು ಬಾಯಿಲೆ ಹೇಳಿಸಿ ಬರೆದುಕೊಂಡದ್ದೂ ಇತ್ತಂತೆ. ಆಮೇಲೆ ಹಾಡಿಸಿದಾಗ ಬಂದದ್ದು ಅದಕ್ಕಿಂತ ಎಷ್ಟೋ ಉದ್ದ. ಇದನ್ನು ಕೇಳಿ ನಾನು ನಕ್ಕೆ. ಹಾಡುವವರಿಗೆ ಇದು ಗೊತ್ತಿದ್ದದ್ದೇ. "ನಿಧಾನ ಹೇಳ್ರಿ, ಬರಕೋತೀನಿ" ಅಂದಕೂಡಲೆ ಹಾಡು ಗಂಟಲಲ್ಲೇ ನಿಲ್ಲುತ್ತದ. ಧಾಟಿ ಹಿಡಿದು ಹೊಂಟರೆ ಮಾತು ತಾನೇ ಮಾತನ್ನು ಎಳೆದು ತರ್ತದ. ಹೋಂಕೊ ಇದಕ್ಕೊಂದು ವಿಚಾರ ಹೇಳ್ಯಾರ. ಹಾಡುವವನು ಸಾಲು ಸಾಲು ಬಾಯಿಪಾಠ ಮಾಡಿರೂದಿಲ್ಲ, ಅವನ ಮನಸ್ಸಿನೊಳಗೆ ಒಂದು ಪಠ್ಯ ಇರ್ತದ, ಹಾಡುವ ಹೊತ್ತಿಗೆ ತಕ್ಕಂಗ ಅದು ಹಿಗ್ಗುತ್ತದ, ಕುಗ್ಗುತ್ತದ ಅಂತ. ನಾನು ಮೊಹರಂ ಹಾಡು ಹಾಡಾವ. ಅಲಾಯಿ ಕುಣಿಯ ಮುಂದೆ ಮಂದಿ ನಿಂತಿದ್ದರೆ ಒಂದು ಹಾಡು ಒಂದು ತಾಸು ನಡೀತದ, ಮಳೆ ಬಂದರೆ ಅದೇ ಹಾಡು ಅರ್ಧ ತಾಸಿಗೆ ಮುಗೀತದ. ಎರಡೂ ಪೂರಾ ಹಾಡೇ. ನಮಗೆ ಗೊತ್ತಿದ್ದದ್ದನ್ನು ಹೆಸರಿಟ್ಟು ಕೊಟ್ಟದ್ದು ಅವರ ಉಪಕಾರ.

ಮೂರನೆಯದು, ಆ ಮಣ್ಣಿನ ಮಾತು ಬಲ್ಲವರೇ ಸರಿಪಾಲುದಾರರಾಗಿದ್ದರು. ವಿವೇಕ ರೈಯವರು ತುಳು ಜನಪದ ಸಾಹಿತ್ಯದ ಮೇಲೆ ಮೊದಲೇ ದುಡಿದವರು. ಅವರು ಬರೀ ದಾರಿ ತೋರಿಸಲಿಕ್ಕೆ, ಮಾತು ತಿಳಿಸಲಿಕ್ಕೆ ಇದ್ದವರಲ್ಲ, ಪುಸ್ತಕದ ಮೇಲೆ ಅವರ ಹೆಸರೂ ಅದ. ಮುಂದೆ ಅವರು ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದರು. ಅಂದರೆ ಬರೂದಷ್ಟೇ ಅಲ್ಲ, ಹೋಗೂದೂ ನಡೀತು.

ಈಗ ಹೊಟ್ಟಿನ ಮಾತು.

ಆ 1998ರ ಪುಸ್ತಕದಲ್ಲಿ ತುಳು ಹಾಡು ಅದ, ಆದರೆ ಇಂಗ್ಲಿಷ್ ಅಕ್ಷರದಲ್ಲಿ ಅದ. ಎದುರಿಗೆ ಇಂಗ್ಲಿಷ್ ಅರ್ಥ. ತುಳುನಾಡಿನ ಮಂದಿ ತುಳುವನ್ನು ಓದೂದು ಕನ್ನಡ ಅಕ್ಷರದಲ್ಲಿ. ನಾಟಿ ಹಚ್ಚುತ್ತಾ ಆ ಹಾಡು ಹಾಡಿದ ಹೆಣ್ಣುಮಗಳು ಆ ಪುಸ್ತಕ ಕೈಯಲ್ಲಿ ಹಿಡಿದರೆ ಅವಳ ಹಾಡೇ ಅವಳಿಗೆ ಪರದೇಶಿ. ಅದು ವಿದ್ವಾಂಸರಿಗಾಗಿ ಮಾಡಿದ ಪುಸ್ತಕ, ಇರಲಿ. ಜಗತ್ತಿನ ವಿದ್ವಾಂಸರಿಗೆ ತಿಳಿಯೂದು ಬ್ಯಾಡ ಅಂತ ನಾನು ಹೇಳೂದಿಲ್ಲ. ನನ್ನ ಮಾತು ಇಷ್ಟೇ: ಎರಡು ವಿಶ್ವವಿದ್ಯಾಲಯ ಕೂಡಿ ಒಂದು ಕೆಲಸ ಹಿಡಿದಾಗ, ಹಾಡಿದ ಊರಿನ ಅಕ್ಷರದಲ್ಲಿ ಪುಸ್ತಕ ಅದೇ ದಿನ, ಅದೇ ರೊಕ್ಕದಲ್ಲಿ ಬರಬೇಕು. ಆಮೇಲೆ ಯಾರಾದರೂ ಪುಣ್ಯಾತ್ಮರು ಮಾಡ್ತಾರ ಅಂತ ಬಿಡಬಾರದು.

ಇನ್ನೊಂದು, ಸಾಲು ಎಣಿಸುವ ಚಟ. ಗ್ರೀಕರ ಇಲಿಯಡ್ 15,693 ಸಾಲು, ಸಿರಿ ಅದಕ್ಕಿಂತ ಹತ್ತೇ ಸಾಲು ಕಡಿಮೆ. ಇದನ್ನು ಕೇಳಿದವರಿಗೆಲ್ಲ ಭಾಳ ಹೆಮ್ಮೆ. ನನಗೆ ಮಾತ್ರ ಒಂದು ಕಸಿವಿಸಿ. ಹಾಡು ಹಿಗ್ಗುತ್ತದ, ಕುಗ್ಗುತ್ತದ ಅಂತ ಹೇಳಿದವರೇ ಕೊನೆಗೆ ಗಜಕಡ್ಡಿ ಹಿಡಿದು ಹೋಮರನ ಪಕ್ಕ ನಿಲ್ಲಿಸಿ ಅಳೆದರೆ ಹೆಂಗ? ಸಿರಿ ಆ ಸೀರಿ ಬ್ಯಾಡ ಅಂದದ್ದು ಐವತ್ತು ಸಾಲಿನ ಹಾಡಾಗಿದ್ದರೂ ದೊಡ್ಡ ಮಾತೇ. ನಮ್ಮ ಸಣ್ಣ ಹಾಡುಗಳಿಗೆ ಈ ಅಳತೆಯಿಂದ ಅನ್ಯಾಯ ಆಗ್ತದ. ಸಂಗ್ರಹಕ್ಕೆ ಬಂದವರು "ದೊಡ್ಡದು ಯಾವುದದ" ಅಂತಲೇ ಕೇಳ್ತಾರ. ಬೀಸುವಾಗಿನ ಹಾಡು, ಕೂಸು ತೂಗುವ ಹಾಡು ಮೂಲೆಗೆ ಬೀಳ್ತಾವ.

ಮುಖ್ಯ ಕೊರತೆ ಅಂದರೆ ಆ ಮೂರನೆಯ ಕೆಲಸ. ಕೃಷಿಯ ಕೂಡುಕೆಲಸಕ್ಕೆ ವಿಸ್ತರಣೆ ಅನ್ನುವ ಋಣ ಕಟ್ಟಿದ್ದರು. ಹಾಡಿನ ಕೂಡುಕೆಲಸಕ್ಕೆ ಯಾರೂ ಅದನ್ನು ಕಟ್ಟಲಿಲ್ಲ. ಜಾನಪದ ವಿಭಾಗ ಕಲಿಸ್ತದ, ಸಂಶೋಧನೆ ಮಾಡ್ತದ. ತಿರುಗಿ ಬಂದು "ನಿಮ್ಮ ಹಾಡಿನಿಂದ ನಾವು ಇದನ್ನು ಕಂಡುಕೊಂಡೆವು, ಇದು ನಿಮ್ಮ ಪಾಲು" ಅಂತ ಹೇಳುವ ನೌಕರಿ ಅಲ್ಲಿ ಇಲ್ಲ. ಒಳ್ಳೆಯ ಮನಸ್ಸಿನವರು ಬರ್ತಾರ, ಮರೆತವರು ಬರೂದಿಲ್ಲ. ನಿಯಮ ಇಲ್ಲದಲ್ಲಿ ಎಲ್ಲವೂ ಒಬ್ಬೊಬ್ಬರ ಮನಸ್ಸಿನ ಮೇಲೆ ನಿಲ್ಲುತ್ತದ.

ಸಿರಿ ಕಾವ್ಯದವರು ಒಳ್ಳೆಯವರಲ್ಲಿ ಒಳ್ಳೆಯವರು, ಅದಕ್ಕೇ ಅವರನ್ನು ತೂಕಕ್ಕೆ ಇಟ್ಟೆ. ಎಲ್ಲರೂ ಹಂಗಿರೂದಿಲ್ಲ. ನಮ್ಮ ಮನಿಯ ಮಾತೇ ಹೇಳ್ತೀನಿ. ಇಪ್ಪತ್ತೈದು ವರ್ಷ ಆಗಿರಬೇಕು, ಕ್ಯಾಸೆಟ್ಟಿನ ಕಾಲ. ಒಂದು ಜೀಪಿನಲ್ಲಿ ನಾಲ್ಕು ಮಂದಿ ಬಂದರು, ಅವರಲ್ಲಿ ಒಬ್ಬರು ಹೊರದೇಶದವರು. ಹೆಸರು, ಕಾಲೇಜು ನಾನು ಬರೆಯೂದಿಲ್ಲ. ಅವರು ಸಭ್ಯರೇ. ನಮ್ಮ ದೊಡ್ಡವ್ವನ ಮುಂದೆ ನೆಲದ ಮೇಲೇ ಕುಂತರು, ರೊಟ್ಟಿ ಉಂಡರು. ದೊಡ್ಡವ್ವ ಎರಡು ರಾತ್ರಿ ಹಾಡಿದಳು. ಅದರಲ್ಲಿ ಒಂದು ಬೀಸುವ ಹಾಡು, ಹೊಳಿ ಬಂದಾಗ ತವರಿಗೆ ಹೊಂಟ ಹೆಣ್ಣುಮಗಳದು. ಎರಡು ಸೇರು ಜ್ವಾಳ ಬೀಸಿ ಮುಗಿಯೂ ತನಕ ನಡೆಯುವ ಹಾಡು. ದೊಡ್ಡವ್ವ ಅದನ್ನು ಕಲ್ಲಿನ ಮುಂದೆ ಬಿಟ್ಟು ಎಲ್ಲೂ ಹಾಡಿದಾಕಿ ಅಲ್ಲ. ಅವರಿಗಾಗಿ ಕಲ್ಲು ಹೊರಗೆ ತರಿಸಿ ಹಾಡಿದಳು. ಹೋಗುವಾಗ "ಅವ್ವಾ, ಕ್ಯಾಸೆಟ್ ಕಳಿಸ್ತೀವಿ" ಅಂದರು. ದೊಡ್ಡವ್ವ ಒಂದು ವರ್ಷ ಟಪಾಲಿನವನನ್ನು ಕೇಳಿದಳು, ಆಮೇಲೆ ಕೇಳೂದು ಬಿಟ್ಟಳು. ಅವಳು ಹೋಗಿ ಬಹಳ ವರ್ಷ ಆದವು. ಮುಂದೆ ಯಾರೋ ಒಂದು ಪುಸ್ತಕ ತೋರಿಸಿದರು. ಅವಳು ಹಾಡಿದ ಒಂದು ಸಣ್ಣ ಪದ ಅದರಲ್ಲಿತ್ತು. ಸಂಗ್ರಹಿಸಿದವರ ಹೆಸರಿತ್ತು, ಹಾಡಿದವಳದು ಇರಲಿಲ್ಲ. ಹೊಳಿಯ ಹಾಡಂತೂ ಇರಲೇ ಇಲ್ಲ.

ಆ ಹಾಡು ನನಗೆ ಅರ್ಧ ಬರ್ತದ. ಹೆಣ್ಣುಮಗಳು ದಂಡಿಗೆ ಬಂದು ಹರಿಗೋಲಿನವನನ್ನು ಕೂಗುವ ತನಕ. ಆಚಿ ದಂಡಿಗೆ ಮುಟ್ಟಿದಳೋ ಇಲ್ಲೋ ನನಗೆ ಗೊತ್ತಿಲ್ಲ. ಅದು ಎಲ್ಲಿಯೋ ಒಂದು ಕ್ಯಾಸೆಟ್ಟಿನಲ್ಲಿ ಅದ.

ಇದರಲ್ಲಿ ನಮ್ಮ ತಪ್ಪೂ ಅದ, ಅದನ್ನು ಮುಚ್ಚಿಡಬಾರದು. ಎರಡು ರಾತ್ರಿ ಅವರಿಗೆ ಹಾಸಿಗೆ ಹಾಸಿದ ನಾನು ಒಂದು ಚೀಟಿಯಲ್ಲಿ ಅವರ ವಿಳಾಸ ಬರೆಸಿಕೊಳ್ಳಲಿಲ್ಲ. ದೊಡ್ಡವ್ವ ಬದುಕಿದ್ದಾಗ ಆ ಹಾಡು ಪೂರಾ ಕಲಿಯಲಿಲ್ಲ. ಗಂಡಸಿಗ್ಯಾಕ ಬೀಸುವ ಹಾಡು ಅಂದುಕೊಂಡೆ. ಮನಿಯ ಹೆಣ್ಣುಮಕ್ಕಳು ಗಿರಣಿ ಬಂದಮೇಲೆ ಕಲ್ಲಿನ ಹತ್ತಿರ ಹೋಗಲಿಲ್ಲ. ಒಯ್ದವರನ್ನು ಬೈಯೂದು ಸುಲಭ, ಇಟ್ಟುಕೊಳ್ಳದವರು ಯಾರು ಅಂತಲೂ ಕೇಳಬೇಕು.

ನಮ್ಮ ಸೀಮೆಗೆ ಇನ್ನೊಂದು ಕಷ್ಟ ಅದ. 1956ರಲ್ಲಿ ರಾಜ್ಯ ಹಂಚಿದಾಗ ರಾಯಚೂರು ಆ ಕಡೆ ಹೋಯಿತು, ನಾವು ಈ ಕಡೆ ಉಳಿದೆವು. ಮನಿಯಾಗ ಕನ್ನಡ, ಸಂತಿಯಾಗ ತೆಲುಗು. ಕಲಬುರ್ಗಿಯ ವಿಶ್ವವಿದ್ಯಾಲಯ 1980ರಲ್ಲಿ ಆಯಿತು. ಮಹಬೂಬನಗರದ ಪಾಲಮೂರು ವಿಶ್ವವಿದ್ಯಾಲಯ 2008ರಲ್ಲಿ ಆಯಿತು. ಕರ್ನಾಟಕದವರು ಹಾಡು ಹುಡುಕುತ್ತಾ ಬಂದರೆ ಗಡಿಯ ಕಲ್ಲಿನ ಹತ್ತಿರ ನಿಲ್ತಾರ. ಈ ಕಡೆಯವರು ತೆಲುಗು ಹಾಡು ಹುಡುಕ್ತಾರ, ಅದು ಅವರ ಧರ್ಮ. ನಡುವೆ ಮದ್ದೂರು, ಮಕ್ತಲ್, ಗದ್ವಾಲದ ಕನ್ನಡ ಹಾಡು ಯಾರ ಲೆಕ್ಕಕ್ಕೂ ಬರೂದಿಲ್ಲ. ಮಂಗಳೂರಿನಿಂದ ತುರ್ಕುವಿಗೆ ಕೈಚಾಚಲಿಕ್ಕೆ ಆಗೂದಾದರೆ, ಕಲಬುರ್ಗಿಯಿಂದ ಪಾಲಮೂರಿಗೆ ಕೈಚಾಚಲಿಕ್ಕೆ ಯಾಕ ಆಗಬಾರದು? ಅದಕ್ಕೆ ವಿಮಾನ ಬೇಕಿಲ್ಲ, ಬಸ್ಸು ಸಾಕು. ಒಂದು ಕನ್ನಡ ಬಲ್ಲ, ಇನ್ನೊಂದು ಈ ನೆಲದಲ್ಲೇ ಅದ. ಹೊರದೇಶದ ಕೂಡುಕೆಲಸಕ್ಕಿಂತ ಮೊದಲು ಈ ನೆರೆಮನಿಯ ಕೂಡುಕೆಲಸ ಆಗಬೇಕು ಅಂತ ನನ್ನ ವಿಚಾರ.

ವಿಮರ್ಶೆ ಅಂದಮೇಲೆ ಬರೀ ದೂರು ಹೇಳಿ ಏಳಬಾರದು. ನಮ್ಮ ವಾಚನಾಲಯದವರಿಗೆ, ಮಾಸ್ತರರಿಗೆ ನನ್ನ ಬೇಡಿಕೆ ಹೇಳ್ತೀನಿ. ಹಾಡು ಹಿಡಿಯಲಿಕ್ಕೆ ಯಾರೇ ಬರಲಿ, ಹೈದರಾಬಾದಿನವರು ಬರಲಿ, ಫಿನ್ಲೆಂಡಿನವರು ಬರಲಿ, ಬ್ಯಾಡ ಅನ್ನಬ್ಯಾಡ್ರಿ. ಬಂದವರಿಗೆ ನೀರು ಕೊಡ್ರಿ, ಆಮೇಲೆ ವಾಚನಾಲಯದ ಒಂದು ನೋಟುಬುಕ್ ಮುಂದಿಡ್ರಿ. ಬಂದವರ ಹೆಸರು, ವಿಳಾಸ, ತಾರೀಖು. ಹಾಡಿದವರ ಹೆಸರು, ಊರು, ಯಾವ ಹಾಡು. ಹಿಡಿದ ಧ್ವನಿಯ ಒಂದು ಪ್ರತಿಯನ್ನು ಅವರು ಊರು ಬಿಡುವ ಮೊದಲೇ ಇಲ್ಲಿಯ ಕಂಪ್ಯೂಟರಿಗೆ ಹಾಕಿ ಹೋಗಬೇಕು. ಈಗ ಕ್ಯಾಸೆಟ್ ಕಾಲ ಅಲ್ಲ, ಐದು ನಿಮಿಷದ ಕೆಲಸ, ಕಳಿಸ್ತೀವಿ ಅನ್ನುವ ಮಾತೇ ಬೇಕಿಲ್ಲ. ಹಾಡಿದವರು ಆ ದಿನ ಕೂಲಿ ಬಿಟ್ಟು ಕುಂತಿರ್ತಾರ, ಆ ಕೂಲಿ ಕೊಡಬೇಕು. ದೇವರ ಮುಂದಷ್ಟೇ ಹಾಡುವ ಹಾಡನ್ನು ಹಾಡಿದವರ ಒಪ್ಪಿಗೆ ಇಲ್ಲದೆ ಮೊಬೈಲಿಗೆ ಬಿಡಬಾರದು. ಪುಸ್ತಕ ಆದರೆ ಹಾಡಿದವರ ಹೆಸರು ಇರಬೇಕು, ಕನ್ನಡ ಅಕ್ಷರದ ಒಂದು ಪ್ರತಿ ಈ ಕಪಾಟಿಗೆ ಬರಬೇಕು. ಆ ದಿನ ರಾತ್ರಿ ಊರ ಮಂದಿ ಕೂಡಿಸಿ ಅದನ್ನು ಓದಿ ಹೇಳಬೇಕು. ಅದೇ ನಮ್ಮ ವಿಸ್ತರಣೆ.

ದೊಡ್ಡವರು ಬರೂ ತನಕ ಕಾಯೂದೂ ಬ್ಯಾಡ. ಸಾಲಿಯ ಏಳನೇತ್ತೆ, ಎಂಟನೇತ್ತೆ ಮಕ್ಕಳಿಗೆ ತಮ್ಮ ಮನಿಯ ಅಜ್ಜಿಯಿಂದ ಒಂದೊಂದು ಹಾಡು ಬರಕೊಂಡು ಬರ್ರಿ ಅಂತ ಮಾಸ್ತರರು ಹೇಳಿದರೆ ಒಂದು ವರ್ಷದಲ್ಲಿ ಒಂದು ನೋಟುಬುಕ್ ತುಂಬ್ತದ. ಸಣ್ಣ ಹಾಡೇ ಇರಲಿ. ಬೀಜ ಆದರೂ ತಣ್ಣಗಿನ ಕೋಣೆಯಲ್ಲಿ ಎಷ್ಟೋ ವರ್ಷ ಇರ್ತದ. ಹಾಡು ಹಾಡುವವರ ಸಂಗಾಟ ಹೋಗ್ತದ.

ಕೊನೆಗೆ ಒಂದು ಮಾತು. ಈ ಪುಸ್ತಕ ಎಲ್ಲೆಲ್ಲಿಗೆ ಹೋಗ್ತದೋ ಗೊತ್ತಿಲ್ಲ. ಆ ಜೀಪಿನಲ್ಲಿ ಬಂದವರಲ್ಲಿ ಯಾರಾದರೂ ಇದನ್ನು ಓದಿದರೆ, ನನಗೆ ಸಿಟ್ಟಿಲ್ಲ. ಹುಡುಕಿ ನೋಡ್ರಿ. ಹಳೆಯ ಪೆಟ್ಟಿಗೆಯಲ್ಲಿ ಆ ಕ್ಯಾಸೆಟ್ ಇದ್ದರೆ ಮದ್ದೂರಿಗೆ ಬರ್ರಿ. ಆಚಿ ದಂಡಿಯಲ್ಲಿ ಏನಾಯಿತು ಅಂತ ಕೇಳಲಿಕ್ಕೆ ನಾವು ಇನ್ನೂ ನಾಲ್ಕು ಮಂದಿ ಇದ್ದೀವಿ.